ಮೇಷ್ಟ್ರ ಇಪ್ಪತ್ತಮೂರು ಕೀಗಳು

ಪರದೆಯ ಮೇಲಿನ ಬಣ್ಣದ ಕೀಬೋರ್ಡಿನಲ್ಲಿ ನೇರಳೆ ಯಾವುದು, ಹಸಿರು ಯಾವುದು, ಇನ್ನೂ ಯಾವ ಕೆಲಸವೂ ಸಿಗದೆ ಬೂದು ಬಣ್ಣದಲ್ಲಿ ಸುಮ್ಮನೆ ಕೂತ ಕೀ ಯಾವುದು ಎಂದು ನೋಡುತ್ತಿದ್ದವಳ ಕಣ್ಣು ಜಾರಿ ಕೆಳಗಿನ ನಿಜವಾದ ಕೀಬೋರ್ಡಿನ ಮೇಲೆ ಬಿತ್ತು, ಅಲ್ಲಿ ಮೇಷ್ಟ್ರು ಅಂಟಿಸಿದ ಕಾಗದದ ಚೂರುಗಳು — ಮುಂದೆ, ಹಿಂದೆ, ನಿಲ್ಲು, ಬೇಡ — ಒಂದೊಂದೂ ಉಗುರಿನಷ್ಟು, ನೀಲಿ ಶಾಯಿ, ಅಕ್ಷರ ಮಾತ್ರ ಈಗಲೂ ಗುಂಡಗೆ, ಮೂವತ್ತು ವರ್ಷ ಕೀಬೋರ್ಡ್ ಕಡೆ ತಿರುಗಿಯೂ ನೋಡದೆ ವಿಡಿಯೋ ಎಡಿಟಿಂಗ್ ಮಾಡಿದ ಮನುಷ್ಯ ಈಗ ಒಂದನೇ ಕ್ಲಾಸಿನ ಮಗುವಿನ ಹಾಗೆ ಕೀಗಳಿಗೆ ಹೆಸರು ಬರೆದು ಅಂಟಿಸಿಕೊಂಡಿದ್ದಾರೆ, ನೋಡು, ಕಣ್ತುಂಬ ನೋಡು, ಇದು ನಿನ್ನದೇ ಕೈಕೆಲಸ, ಎಂದು ತನಗೇ ಹೇಳಿಕೊಂಡಳು. ಏನಮ್ಮ ಗಡಿಬಿಡಿ, ಆಗುತ್ತಾ ಇದು, ಎಂದರು ಮೇಷ್ಟ್ರು ಪಕ್ಕದ ಕುರ್ಚಿಯಿಂದ, ಆಗುತ್ತೆ ಮೇಷ್ಟ್ರೇ, ಹತ್ತು ನಿಮಿಷ, ಎಂದಳು ಅವಳು, ಅವರ ಮುಖ ನೋಡದೆ, ಮೇಷ್ಟ್ರ ಮನೆಗೆ ಬಂದಾಗಿನಿಂದ ಗೋಡೆ ನೋಡಿದ್ದಾಳೆ, ಕಿಟಕಿ ನೋಡಿದ್ದಾಳೆ, ಅವರ ಚಪ್ಪಲಿ ನೋಡಿದ್ದಾಳೆ, ಮುಖ ಒಂದು ಬಿಟ್ಟು. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಸ್ಟುಡಿಯೋಗೆ ಬಂದವರಿಗೆಲ್ಲ ಕೆಲಸ ಕಲಿಸಿ ಕಲಿಸಿ ಆ ಹೆಸರು ಬಂತು, ಗಡಿಬಿಡಿ ಎಂಬ ಹೆಸರು ಅವಳಿಗೆ ಅವರೇ ಇಟ್ಟದ್ದು, ಸೇರಿದ ಮೊದಲ ವಾರದಲ್ಲೇ, ಒಂದು ಶಾಟ್ ಮುಗಿಯುವ ಮುಂಚೆಯೇ ಮುಂದಿನದಕ್ಕೆ ಹಾರುತ್ತೀಯಲ್ಲ ತಾಯಿ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ, ಎಂದು, ಆಮೇಲೆ ಇಡೀ ಆಫೀಸಿಗೆ ಅವಳು ಅದೇ. ಮೊನ್ನೆ ಮೇಷ್ಟ್ರ ಹೆಂಡತಿ, ಆಫೀಸಿಗೆಲ್ಲ ಅಕ್ಕ, ಫೋನ್ ಮಾಡಿದಾಗಲೂ ಹಾಗೇ ಕರೆದಿದ್ದು, ಗಡಿಬಿಡೀನಾ ಮಾತಾಡ್ತಿರೋದು, ಡಾಕ್ಟ್ರು ಹೇಳಿದ್ದಾರಮ್ಮ, ಗೊತ್ತಿರೋ ಕೆಲಸ ಕೈಯಲ್ಲಿ ಆಡ್ತಾ ಇದ್ರೆ ಒಳ್ಳೇದು ಅಂತ, ಒಂದು ಕಂಪ್ಯೂಟರ್ ತಗೊಂಡಿದ್ದೀವಿ, ಕೀಗಳೆಲ್ಲ ಇವರಿಗೆ ಅಭ್ಯಾಸ ಇದ್ದ ಹಾಗೆ ಹಾಕಿಕೊಡೋಕೆ ನಿನ್ನ ಬಿಟ್ರೆ ಯಾರನ್ನ ಕೇಳಲಿ. ನಿನ್ನ ಬಿಟ್ರೆ. ಹೌದು, ಅವಳನ್ನು ಬಿಟ್ಟರೆ ಬೇರೆ ಯಾರೂ ಇಲ್ಲ, ಅಕ್ಕನಿಗೆ ಗೊತ್ತಿಲ್ಲದೆಯೇ ಬಾಯಿಂದ ಸತ್ಯ ಬಂದುಬಿಟ್ಟಿತ್ತು.

ಎ ಒಂದು ಫ್ರೇಮ್ ಹಿಂದೆ, ಎಸ್ ನಿಲ್ಲು ಮತ್ತು ಓಡು, ಡಿ ಒಂದು ಫ್ರೇಮ್ ಮುಂದೆ, ಎಫ್ ಕತ್ತರಿ, ಜಿ ಒತ್ತಿದರೆ ಮಾಡಿದ್ದೆಲ್ಲ ವಾಪಸ್ — ಅವಳ ಬೆರಳು ಒಂದೊಂದು ಕೆಲಸವನ್ನೂ ಹಿಡಿದೆಳೆದು ಬಣ್ಣದ ಕೀಗಳ ಮೇಲೆ ಇಡುತ್ತಿದೆ, ತಲೆ ಬೇರೆಲ್ಲೋ ಇದೆ, ಆ ಸ್ಟುಡಿಯೋದಲ್ಲಿ, ಕಿಟಕಿಯಿಲ್ಲದ ಆ ಕೋಣೆಯಲ್ಲಿ, ಇಬ್ಬರಿಗೆ ಒಂದೇ ಮೆಷೀನ್, ಬೆಳಗ್ಗೆ ಮೇಷ್ಟ್ರು, ಮಧ್ಯಾಹ್ನದ ಮೇಲೆ ಅವಳು, ಅದಕ್ಕೇ ಶಾರ್ಟ್‌ಕಟ್‌ಗಳ ಎರಡು ಜೋಡಣೆ, ಒಂದರ ಹೆಸರು ಬೆಳಗ್ಗೆ, ಇನ್ನೊಂದರ ಹೆಸರು ಮಧ್ಯಾಹ್ನ, ಕುರ್ಚಿಯಲ್ಲಿ ಕೂತವರು ಮೊದಲು ತಮ್ಮದನ್ನು ಆರಿಸಿಕೊಳ್ಳಬೇಕು, ಆಮೇಲೆ ಕುರ್ಚಿಯ ಎತ್ತರ ಸರಿ ಮಾಡಿಕೊಳ್ಳಬೇಕು, ಇದು ಆ ಕೋಣೆಯ ನಿಯಮ. ಮೇಷ್ಟ್ರದ್ದು ಒಟ್ಟು ಇಪ್ಪತ್ತಮೂರು ಕೀ, ಎಲ್ಲ ಎಡಗೈ ಕಡೆಗೇ, ಬಲಗೈ ಮೌಸ್ ಬಿಟ್ಟು ಏಳುತ್ತಿರಲಿಲ್ಲ, ಕಿರುಬೆರಳು ಮಡಚಲು ಬರುತ್ತಿರಲಿಲ್ಲವೆಂದು ಎರಡು ಕೀ ಒಟ್ಟಿಗೆ ಒತ್ತುವ ಕೆಲಸ ಒಂದನ್ನೂ ಇಟ್ಟುಕೊಂಡಿರಲಿಲ್ಲ, ಎಲ್ಲಕ್ಕೂ ಒಂದೊಂದೇ ಕೀ. ಯಾವ ಕೀ ಯಾವುದಕ್ಕೆ ಮೇಷ್ಟ್ರೇ ಎಂದು ಯಾರಾದರೂ ಕೇಳಿದರೆ ಅವರಿಗೇ ಹೇಳಲು ಬರುತ್ತಿರಲಿಲ್ಲ, ನನಗೇನು ಗೊತ್ತಪ್ಪ, ಬೆರಳನ್ನ ಕೇಳಿ, ಎಂದು ನಗುತ್ತಿದ್ದರು, ಇನ್ನೊಬ್ಬರ ಕೀ ಯಾರಿಗೂ ಬಾಯಿಪಾಠ ಇರಲ್ಲ, ತನ್ನದೇ ಇರಲ್ಲ ಅಂದ ಮೇಲೆ. ಮೆಷೀನ್ ಎಂದಾದರೂ ಕೈಕೊಟ್ಟರೆ ಇರಲಿ ಎಂದು ಒಂದು ಹಾಳೆಯ ಮೇಲೆ ಇಪ್ಪತ್ತಮೂರನ್ನೂ ಬರೆದು ನಾಲ್ಕು ಮಡಿಕೆ ಮಾಡಿ ಡ್ರಾಯರಿನ ಹಿಂದುಗಡೆ ಸಿಕ್ಕಿಸಿದ್ದರು, ಅದು ಅಲ್ಲಿರುವುದು ಆ ಕೋಣೆಯಲ್ಲಿ ಕೂರುವ ಇಬ್ಬರಿಗೆ ಮಾತ್ರ ಗೊತ್ತು.

ಆವತ್ತು ಅವಳದೊಂದು ಕೆಲಸ ಅರ್ಜೆಂಟು, ಅವಳ ಯಾವ ಕೆಲಸ ಅರ್ಜೆಂಟಲ್ಲ, ಬೆಳಗ್ಗೆ ಎಂಟಕ್ಕೇ ಬಂದು ಕೂತಳು, ಹಿಂದಿನ ಸಂಜೆ ಮೇಷ್ಟ್ರೇ ಕೂತಿದ್ದರು, ಅವರ ಜೋಡಣೆ ತೆರೆದೇ ಇತ್ತು, ಯಾವುದು ತೆರೆದಿದೆ ಎಂದು ನೋಡುವಷ್ಟು ವ್ಯವಧಾನ ಎಲ್ಲಿಂದ ಬರಬೇಕು, ತನ್ನದೇ ಕೆಟ್ಟಿದೆ ಎಂದುಕೊಂಡು ಅದರೊಳಗೇ ಎಲ್ಲವನ್ನೂ ಅಳಿಸಿ ತನ್ನ ನಾಲ್ಕೈದು ಕೀ ಹಾಕಿಕೊಂಡಳು, ಅವಳ ಜೋಡಣೆಯಲ್ಲಿ ಡಿ ಎಂದರೆ ಆ ಶಾಟನ್ನೇ ಕಿತ್ತು ಹಾಕಿ ಖಾಲಿ ಜಾಗ ಮುಚ್ಚಿಬಿಡು, ಜಿ ಎಂದರೆ ಮೇಲಿಂದ ಕೆಳಗೆ ಚಿತ್ರ, ಶಬ್ದ ಎಲ್ಲ ಸಾಲನ್ನೂ ಕತ್ತರಿಸು. ಸೇವ್ ಒತ್ತಿದಾಗ ಒಂದು ಪೆಟ್ಟಿಗೆ ಮೇಲೆದ್ದು ಕೇಳಿತು, ಬೆಳಗ್ಗೆ ಎಂಬ ಹೆಸರಿನದು ಆಗಲೇ ಇದೆ, ಅದರ ಮೇಲೇ ಉಳಿಸಲೇ. ಹೂಂ ಎಂದು ಒತ್ತಿದಳು. ಕೆಲಸ ಮುಗಿದ ಮೇಲೆ ಸರಿಮಾಡಿದರಾಯಿತು, ಹಾಳೆ ಇದೆಯಲ್ಲ, ಹತ್ತು ನಿಮಿಷದ ಕೆಲಸ — ಕೆಲಸ ಮುಗಿಯುವ ಹೊತ್ತಿಗೆ ಹನ್ನೊಂದಾಗಿತ್ತು, ತಮ್ಮ ಜಾಹೀರಾತು ನೋಡಲು ಬಾಗಿಲು ತಳ್ಳಿಕೊಂಡು ಹಾಸಿಗೆ ಕಂಪನಿಯ ಮೂವರು ಬಂದರು, ಅವರ ಹಿಂದೆ ಸ್ಟುಡಿಯೋದ ಯಜಮಾನರು, ಅವರ ಹಿಂದೆ ಮೇಷ್ಟ್ರು, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಅವಳು ಎದ್ದು ಹಿಂದೆ ಹೋಗಿ ಗೋಡೆಗೊರಗಿ ನಿಂತಳು, ಮರೆತೇ ಹೋಯಿತು, ಅಷ್ಟೇ, ಮರೆತು ಹೋಯಿತು, ಮನುಷ್ಯರು ಮರೆಯುತ್ತಾರೆ. ಇಷ್ಟನ್ನೇ ಒಂದೂವರೆ ವರ್ಷದಿಂದ ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ತರಕಾರಿ ಹೆಚ್ಚುವಾಗ ತನಗೆ ತಾನೇ ಹೇಳಿಕೊಂಡು ಬಂದಿದ್ದಾಳೆ, ಹೇಳಿ ಹೇಳಿ ಆ ಮಾತು ಸವೆದು ನುಣ್ಣಗಾಗಿದೆ, ಅದರ ಮೇಲೆ ನಿಂತರೆ ಕಾಲು ಜಾರುತ್ತದೆ.

ಅಜ್ಜಿ ಹಾಸಿಗೆಯ ಮೇಲೆ ಹಾರುತ್ತಾರೆ, ಅದೇ ಆ ಜಾಹೀರಾತು, ಎಂಬತ್ತರ ಅಜ್ಜಿ, ಬಿಳಿ ಜಡೆ, ಮೊಮ್ಮಕ್ಕಳು ನೋಡುತ್ತಿರುವಂತೆಯೇ ಎಗರಿ ಮೇಲೇಳುತ್ತಾರೆ, ಹಿಮ್ಮಡಿ ಹಾಸಿಗೆ ಬಿಟ್ಟ ಆ ಒಂದು ಫ್ರೇಮ್ ಹಿಡಿದು ಅಲ್ಲಿಂದ ನಿಧಾನ ಮಾಡಬೇಕು, ಒಂದು ಹಿಂದಾದರೂ ಅಜ್ಜಿ ನಿಂತ ಹಾಗಿರುತ್ತದೆ, ಒಂದು ಮುಂದಾದರೂ ಬೀಳುತ್ತಿರುವ ಹಾಗೆ ಕಾಣುತ್ತದೆ, ಇಂಥ ಫ್ರೇಮ್ ಹುಡುಕುವುದರಲ್ಲಿ ಮೇಷ್ಟ್ರದು ಎತ್ತಿದ ಕೈ. ನೋಡಿ, ಈಗ ಹುಡುಕಿ ತೋರಿಸ್ತೀನಿ, ಎಂದು ಹಾಸಿಗೆಯವರಿಗೆ ಹೇಳಿ ಎಡಗೈ ಇಟ್ಟು ಡಿ ಒತ್ತಿದರು, ಅಜ್ಜಿ ಮಾಯ. ಹಾಸಿಗೆಯವರಲ್ಲಿ ಒಬ್ಬರು, ದಪ್ಪ ಕನ್ನಡಕದವರು, ಅಜ್ಜಿ ಎಲ್ಲಿ ಹೋದ್ರು ಎಂದರು. ಮೇಷ್ಟ್ರು ಕ್ಷಮಿಸಿ ಎಂದು ಜಿ ಒತ್ತಿದರು, ಅಜ್ಜಿ ವಾಪಸ್ ಬರಲಿಲ್ಲ, ಮೇಲಿಂದ ಕೆಳಗೆ ಎಲ್ಲದರ ಮೇಲೂ ಒಂದು ಗೀರು ಬಿತ್ತು, ಮತ್ತೆ ಜಿ, ಮತ್ತೊಂದು ಗೀರು, ಮತ್ತೆ ಡಿ, ಈ ಸಲ ಮೊಮ್ಮಕ್ಕಳೂ ಹೋದರು, ಈಗ ಹಾಸಿಗೆ ಒಂದೇ ಉಳಿದಿದೆಯಲ್ಲ, ನಮಗೆ ಬೇಕಾದ್ದೂ ಅದೇ, ಎಂದರು ಕನ್ನಡಕದವರು, ಎಲ್ಲರೂ ನಕ್ಕರು, ಯಜಮಾನರು ನಕ್ಕರು, ಅವಳೂ ನಕ್ಕಳು. ಅವಳೂ ನಕ್ಕಳು, ಬಾಯಿ ಮುಚ್ಚಿಕೊಂಡಲ್ಲ, ಹಲ್ಲು ಕಾಣುವ ಹಾಗೆ, ಆ ನಗು ಈಗಲೂ ಅವಳ ಬಾಯಲ್ಲೇ ಎಲ್ಲೋ ಅಂಟಿಕೊಂಡಿದೆ, ಎಷ್ಟು ಸಲ ಹಲ್ಲುಜ್ಜಿದರೂ ಹೋಗುವುದಿಲ್ಲ. ಮೇಷ್ಟ್ರು ನಗಲಿಲ್ಲ, ಕೀಬೋರ್ಡಿನಿಂದ ಕೈ ಎತ್ತಿ ತೋರುಬೆರಳನ್ನು ಮುಖದ ಹತ್ತಿರ ತಂದು ನೋಡಿದರು, ಯಾರೋ ಪರಿಚಯವಿಲ್ಲದವರನ್ನು ನೋಡಿದ ಹಾಗೆ, ಕೈ ಯಾಕೋ ಮಾತು ಕೇಳ್ತಿಲ್ಲ ಎಂದರು, ಮತ್ತೆ ಬೆರಳನ್ನು ಡಿ ಕೀಯ ಮೇಲಕ್ಕೆ ತಂದರು, ಇಳಿಸಲಿಲ್ಲ, ಕೀಗೂ ಬೆರಳಿಗೂ ನಡುವೆ ಒಂದು ಎಳ್ಳು ಹಿಡಿಸುವಷ್ಟು ಜಾಗ ಬಿಟ್ಟು ಹಾಗೇ ಹಿಡಿದರು, ಬೆರಳು ನಡುಗುತ್ತಿರಲಿಲ್ಲ, ನಡುಗಿದ್ದರೂ ಆಗುತ್ತಿತ್ತು, ಅದು ಅಪ್ಪಣೆಗೆ ಕಾಯುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಏನೋ ಒಂದು ಪಾಪ ಎಂದಾಗುತ್ತಿತ್ತು, ಆದರೆ ಅವಳು ಗಡಿಬಿಡಿಯಲ್ಲವೇ, ಸರಿಮಾಡುವುದರಲ್ಲೂ ಗಡಿಬಿಡಿ. ಎಲ್ಲರೂ ಊಟಕ್ಕೆ ಹೋದಾಗ ಬಾಗಿಲು ಹಾಕಿಕೊಂಡು ಡ್ರಾಯರಿನ ಹಿಂದಿನ ಹಾಳೆ ತೆಗೆದಳು, ಇಪ್ಪತ್ತಮೂರನ್ನೂ ಒಂದೊಂದಾಗಿ ಮೊದಲಿದ್ದ ಹಾಗೇ ಹಾಕಿದಳು, ಹೊರಗೆ ಯಾರದೋ ಹೆಜ್ಜೆ ಕೇಳಿದರೆ ಕೈ ನಿಲ್ಲಿಸಿ ಬಾಗಿಲು ನೋಡುತ್ತಿದ್ದಳು, ಎ, ಎಸ್, ಡಿ, ಎಫ್, ಜಿ, ಮೇಲಿನ ಸಾಲು, ಕೆಳಗಿನ ಸಾಲು, ಎಲ್ಲಕ್ಕಿಂತ ವಿಚಿತ್ರದ್ದೊಂದಿತ್ತು, ಎಡತುದಿಯಲ್ಲಿ ಅಂಕಿ ಒಂದರ ಪಕ್ಕದ ಆ ಕೆಲಸಕ್ಕೆ ಬಾರದ ಕೀ, ಮೇಷ್ಟ್ರ ಎಡಗಿವಿ ಮಂದ, ಆ ಕೀ ಒತ್ತಿದರೆ ಶಬ್ದವೆಲ್ಲ ಬಲಗಿವಿಗೆ ಬರುವ ಹಾಗೆ ಮಾಡಿಕೊಂಡಿದ್ದರು, ಅದನ್ನೂ ಹಾಕಿದಳು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು, ಭಯ ಎಷ್ಟು ಚೆನ್ನಾಗಿ ಪಾಠ ಕಲಿಸುತ್ತದೆ ಎಂದರೆ ಆ ಇಪ್ಪತ್ತಮೂರು ಅವಳಿಗೆ ಇವತ್ತಿಗೂ ಮರೆತಿಲ್ಲ. ಹಾಳೆಯನ್ನು ಮತ್ತೆ ಡ್ರಾಯರಿಗೆ ಸಿಕ್ಕಿಸಲು ಹೋದವಳು ಯಾಕೋ ತನ್ನ ಚೀಲಕ್ಕೆ ಹಾಕಿಕೊಂಡಳು, ಅದರ ಮೇಲೆ ತನ್ನ ಬೆರಳ ಗುರುತಿದೆ ಎಂದು ಯಾರಾದರೂ ಕಂಡುಹಿಡಿದಾರೇನೋ ಎಂಬಂತೆ. ಮರುದಿನ ಬೆಳಗ್ಗೆ ಮೇಷ್ಟ್ರು ಎಲ್ಲರಿಗಿಂತ ಮುಂಚೆ ಬಂದು ಒಬ್ಬರೇ ಕೂತಿದ್ದರು, ಬಾಗಿಲಿನ ಗಾಜಿನಿಂದ ಅವಳು ನೋಡುತ್ತಿದ್ದಾಳೆ, ಡಿ ಒತ್ತುತ್ತಾರೆ, ಅಜ್ಜಿ ಒಂದು ಫ್ರೇಮ್ ಮುಂದೆ ಹೋಗುತ್ತಾರೆ, ಮತ್ತೆ ಡಿ, ಮತ್ತೆ ಒಂದು, ಜಿ, ವಾಪಸ್, ಎಲ್ಲ ಸರಿಯಾಗಿದೆ, ಎಲ್ಲ ಸರಿಯಾಗಿದ್ದದ್ದೇ ಅವರನ್ನು ಮುಗಿಸಿಬಿಟ್ಟಿತು. ಮೆಷೀನು ಕೆಟ್ಟಿದ್ದರೆ ಮೆಷೀನನ್ನು ಬಯ್ಯಬಹುದಿತ್ತು, ಯಾರೋ ಕೀ ಬದಲಿಸಿದ್ದಾರೆ ಎಂದು ಕೂಗಾಡಬಹುದಿತ್ತು, ಈಗ ಬಯ್ಯಲು ಉಳಿದದ್ದು ತಾವೊಬ್ಬರೇ. ಮೆಷೀನ್ ಚೆನ್ನಾಗೇ ಇದೆ, ನಾನೇ ಸರಿ ಇಲ್ಲ, ಎಂದರಂತೆ ಯಜಮಾನರ ಹತ್ತಿರ, ನಮ್ಮಣ್ಣನಿಗೂ ಈ ಮರೆವು ಕೈಯಿಂದಲೇ ಶುರುವಾಗಿದ್ದು, ಒಂದು ದಿನ ಅಂಗಿಯ ಗುಂಡಿ ತಪ್ಪು ತೂತಿಗೆ ಹಾಕ್ಕೊಂಡ, ನಾವೆಲ್ಲ ನಕ್ವಿ, ಎರಡು ವರ್ಷಕ್ಕೆ ನನ್ನನ್ನೇ ಯಾರು ನೀನು ಅಂದ. ಇಪ್ಪತ್ತು ದಿನದಲ್ಲಿ ಕೆಲಸ ಬಿಟ್ಟರು, ಬಿಡಿಸಲಿಲ್ಲ ಯಾರೂ, ತಾವಾಗಿಯೇ, ಮರ್ಯಾದೆ ಇರುವಾಗಲೇ ಎದ್ದುಬಿಡೋಣ ಎಂದು, ಬೀಳ್ಕೊಡುವಾಗ ಆಫೀಸಿನವರೆಲ್ಲ ಸೇರಿ ಓದುವ ದೀಪವೊಂದನ್ನು ಕೊಟ್ಟರು, ಅಂಗಡಿಗೆ ಹೋಗಿ ಆರಿಸಿ ತಂದವಳು ಅವಳೇ, ಬಣ್ಣ ಚೆನ್ನಾಗಿದೆಯಮ್ಮ ಎಂದಿದ್ದರು ಮೇಷ್ಟ್ರು, ಆವತ್ತು ನೆಲ ಬಿರಿದು ನುಂಗಬಾರದಿತ್ತೇ ಎಂದು ಅವಳಿಗೆ ಅನಿಸಿತ್ತು, ನೆಲ ಗಟ್ಟಿಯಾಗಿಯೇ ಇತ್ತು, ಅದರ ಮೇಲೆ ನಿಂತು ಚಪ್ಪಾಳೆ ತಟ್ಟಿದಳು.

ಹಣ್ಣು ಹೆಚ್ಚಿದ ತಟ್ಟೆ ತಂದಿಟ್ಟರು ಅಕ್ಕ, ತಿನ್ನಮ್ಮ, ಬಂದಾಗಿಂದ ನೀರೂ ಕುಡಿದಿಲ್ಲ, ಎಂದರು, ಆಮೇಲೆ ಮೇಷ್ಟ್ರ ಬೆನ್ನ ಹಿಂದೆ ನಿಂತು ದನಿ ತಗ್ಗಿಸಿ, ತಗ್ಗಿಸಿದರೂ ಎಲ್ಲ ಕೇಳುತ್ತಿತ್ತು, ತಲೆ ಸ್ಕ್ಯಾನ್‌ನಲ್ಲಿ ಏನೂ ಇಲ್ಲವಂತೆ, ಕಾದು ನೋಡೋಣ ಅಂತಾರೆ ಡಾಕ್ಟ್ರು, ಕಾದು ನೋಡೋಣ ಕಾದು ನೋಡೋಣ, ಇವರು ಬೆಳಗ್ಗೆ ಎದ್ದರೆ ಅದನ್ನೇ ಮಾಡ್ತಾರೆ, ಗ್ಯಾಸ್ ಆರಿಸಿದ ಮೇಲೆ ಮೂರು ಸಲ ಹೋಗಿ ನೋಡ್ತಾರೆ, ಗುಂಡಿ ಹಾಕ್ಕೊಂಡು ಕನ್ನಡಿ ಮುಂದೆ ನಿಂತು ಎಣಿಸ್ತಾರೆ, ಅದೇನೋ ಹಾಳೆ ಬರೆದಿಟ್ಟಿದ್ದರಂತೆ ಕೀಗಳದ್ದು, ಎಲ್ಲಿಟ್ಟೆ ಅಂತಲೇ ನೆನಪಿಲ್ಲ ಇವರಿಗೆ, ಮನೆಯೆಲ್ಲ ತಿರುವಿಹಾಕಿದ್ದಾಯ್ತು, ಅದೊಂದನ್ನ ಮರೆತೆನಲ್ಲ ಅಂತ ಒಂದು ವಾರ ಊಟ ಸೇರಲಿಲ್ಲ. ಸ್ಟುಡಿಯೋ ಡ್ರಾಯರಲ್ಲೇ ಇಟ್ಟಿದ್ದೆ ಅನ್ನಿಸುತ್ತೆ ಕಣೇ, ಎಂದರು ಮೇಷ್ಟ್ರು, ಆದರೆ ಅನ್ನಿಸೋದಕ್ಕೂ ಇರೋದಕ್ಕೂ ಈಗೀಗ ತಾಳೆ ಆಗಲ್ಲ. ಕೈಗೆತ್ತಿಕೊಂಡ ಹಣ್ಣಿನ ಚೂರನ್ನು ಅವಳು ತಟ್ಟೆಗೇ ಇಟ್ಟಳು, ಆ ಹಾಳೆ ಅವಳ ಬೀರುವಿನಲ್ಲಿದೆ, ಚಳಿಗಾಲದ ಬಟ್ಟೆಗಳ ಅಡಿಯಲ್ಲಿ, ಹರಿಯಲೂ ಆಗದೆ ಇಟ್ಟುಕೊಳ್ಳಲೂ ಆಗದೆ, ಈ ಮನುಷ್ಯ ಮರೆತಿಲ್ಲ, ಏನನ್ನೂ ಮರೆತಿಲ್ಲ, ಮರೆತೆ ಎಂದು ಸುಳ್ಳು ಹೇಳುತ್ತ ಬಂದವಳು ಅವಳು, ಯಾಕೆಂದರೆ ಆವತ್ತು ಅವಳಿಗೂ ಮರೆತಿರಲಿಲ್ಲ, ಹೇಳು, ಈಗಲಾದರೂ ನಿನಗೆ ನೀನು ಹೇಳಿಕೋ, ಅವರೆಲ್ಲ ಒಳಗೆ ಬಂದಾಗ ನೆನಪಾಗಿತ್ತು, ಮೇಷ್ಟ್ರೇ ಒಂದು ನಿಮಿಷ ಎನ್ನಲು ಬಾಯಿ ತೆರೆದೂ ಇದ್ದಳು, ಅಷ್ಟರಲ್ಲಿ ಮೇಷ್ಟ್ರು ಹಾಸಿಗೆಯವರಿಗೆ ಅವಳನ್ನು ತೋರಿಸಿ, ಇವಳು ನಮ್ಮ ಗಡಿಬಿಡಿ, ಇವಳ ಕೈಗೆ ಕೊಟ್ಟಿದ್ರೆ ನಿಮ್ಮ ಅಜ್ಜಿ ಹಾರೋಕೆ ಮುಂಚೇನೇ ಕೆಳಗೆ ಬಿದ್ದಿರೋರು, ಎಂದರು, ಎಲ್ಲರೂ ನಕ್ಕರು, ಪ್ರೀತಿಯ ಮಾತೇ ಅದು, ಎಷ್ಟೋ ಸಲ ಆಡಿದ್ದು, ಆದರೆ ಹೊರಗಿನವರ ಮುಂದೆ ಅವಳ ಕಿವಿ ಬಿಸಿಯಾಯಿತು, ತೆರೆದ ಬಾಯಿ ಮುಚ್ಚಿಕೊಂಡಿತು. ಒಂದು ಸಲ ಎಡವಲಿ, ಎಂದುಕೊಂಡಳು. ಒಂದೇ ಒಂದು ಸಲ ಇವರೂ ಎಲ್ಲರ ಮುಂದೆ ಎಡವಲಿ, ಏನಾಗುತ್ತೆ. ಇದು, ಈ ನಾಲ್ಕು ಮಾತು, ಇದರ ಮೇಲೆ ಮರೆವಿನ ಕಂಬಳಿ ಹೊದಿಸಿ ಒಂದೂವರೆ ವರ್ಷ ಮಲಗಿಸಿದ್ದಾಳೆ, ಛೀ, ಎಂಥವಳು ನೀನು, ಅನ್ನ ದುಡಿಯಲು ಕಲಿಸಿದ ಕೈಗೇ ಹೀಗೆ ಮಾಡಿದೆಯಲ್ಲ.

ಮೇಷ್ಟ್ರು ಮಾತಾಡುತ್ತಲೇ ಇದ್ದಾರೆ, ನಮ್ಮವಳು ಮಹಡಿ ಮೇಲೆ ಬಟ್ಟೆ ಒಣಹಾಕೋದನ್ನ ಮೊಬೈಲಲ್ಲಿ ಹಿಡಿದಿದ್ದೀನಿ, ಹೊದಿಕೆ ಕೊಡವುತ್ತಾಳೆ ನೋಡು, ಒಂದು ಸಲ ಗಾಳಿ ತುಂಬಿ ಹೊಟ್ಟೆ ಉಬ್ಬುತ್ತೆ ಅದಕ್ಕೆ, ಆ ಫ್ರೇಮ್ ಬೇಕು ನನಗೆ, ಹಿಡೀಬಹುದು ಅನ್ನಿಸುತ್ತೆ, ಆದರೆ ಧೈರ್ಯ ಬರಲ್ಲ. ನನ್ನ ಚಿತ್ರ ತೆಗೆದು ಯಾರಿಗೆ ತೋರಿಸ್ತಾರೋ, ಎಂದು ಅಕ್ಕ ನಗುತ್ತ ತಟ್ಟೆ ಎತ್ತಿಕೊಂಡು ಒಳಗೆ ಹೋದರು, ನಲ್ಲಿಯ ಸದ್ದು ಬಂತು, ಅವಳ ಕೈ ಕೊನೆಯ ಕೀಗೆ ಬಂದಿತ್ತು, ಎಡತುದಿಯದು, ಒಂದರ ಪಕ್ಕದ್ದು, ಶಬ್ದ ಬಲಗಿವಿಗೆ, ಅದನ್ನೂ ಎಳೆದು ಇಟ್ಟಳು, ಸೇವ್ ಒತ್ತಿದಳು, ಹೆಸರು ಕೇಳಿತು, ಬೆಳಗ್ಗೆ ಎಂದು ಕೊಟ್ಟಳು, ಆಯ್ತು ಮೇಷ್ಟ್ರೇ ಎಂದು ಕಾಗದದ ಚೂರುಗಳನ್ನು ಒಂದೊಂದಾಗಿ ಕಿತ್ತಳು, ಅಂಟು ಉಗುರಿಗೆ ಹತ್ತಿಕೊಂಡಿತು. ಮೇಷ್ಟ್ರು ಕುರ್ಚಿ ಮುಂದಕ್ಕೆ ಎಳೆದುಕೊಂಡು ಪರದೆಯ ಮೇಲಿನ ಬಣ್ಣದ ಕೀಬೋರ್ಡನ್ನು ನೋಡಿದರು, ತುಟಿ ಅಲುಗುತ್ತಿದೆ, ಎಣಿಸುತ್ತಿದ್ದಾರೆ, ಒಂದು ಸಲ ಎಣಿಸಿ ನಂಬಿಕೆ ಬಾರದೆ ಇನ್ನೊಂದು ಸಲ. ಇಪ್ಪತ್ತಮೂರು, ಎಂದರು. ಆಮೇಲೆ ಎಡತುದಿಯ ಕೀಯ ಕಡೆ ಬಾಗಿ, ಕಿವಿದೂ ಹಾಕಿದ್ದೀಯಲ್ಲಮ್ಮ, ಎಂದರು, ಅದೊಂದಿತ್ತು ಅನ್ನೋದೇ ನನಗೆ ಈಗ ನೋಡಿದ ಮೇಲೆ ಹೊಳೀತು, ನಾನು ಒಂದೂ ಹೇಳಲಿಲ್ಲ ನಿನಗೆ, ನೀನೂ ಒಂದೂ ಕೇಳಲಿಲ್ಲ. ಅವಳು ಉಗುರಿನ ಅಂಟು ಕೆರೆಯುತ್ತಿದ್ದಾಳೆ. ಇದನ್ನ ನೀನು ಮುಂಚೆ ಒಂದು ಸಲ ಹಾಕಿದ್ದೀಯ, ಎಂದರು ಮೇಷ್ಟ್ರು, ಕೇಳಿದಂತಿರಲಿಲ್ಲ ಅದು, ಫ್ರೇಮ್ ಸಿಕ್ಕಾಗ ಇಲ್ಲಿದೆ ನೋಡು ಎನ್ನುತ್ತಿದ್ದ ಅದೇ ದನಿ. ಹೌದು ಮೇಷ್ಟ್ರೇ. ಆವತ್ತಾ. ಹೌದು, ಬೆಳಗ್ಗೆ ನಾನೇ ಕೆಡಿಸಿದ್ದೆ, ನೀವು ಒತ್ತೋ ಮುಂಚೆ ನನಗೆ ನೆನಪಿತ್ತು, ಹೇಳಲಿಲ್ಲ, ಬೇಕೂಂತಲೇ ಹೇಳಲಿಲ್ಲ, ಹಾಳೆ ನನ್ನ ಹತ್ರ ಇದೆ, ನೀವು ಏನನ್ನೂ ಮರೆತಿಲ್ಲ — ಇಷ್ಟನ್ನೂ ಒಂದೇ ಉಸಿರಿಗೆ, ಇದನ್ನೂ ಗಡಿಬಿಡಿಯಲ್ಲೇ, ಹೇಳಿ ಮುಗಿದ ಮೇಲೆ ಹಗುರಾಗುತ್ತೆ ಎಂದುಕೊಂಡಿದ್ದಳು, ಆಗಲಿಲ್ಲ, ಬೈಗುಳಕ್ಕೆ ತಲೆ ತಗ್ಗಿಸಿ ಕಾದಳು, ಅದೂ ಬರಲಿಲ್ಲ, ಒಳಗೆ ನಲ್ಲಿ ನಿಂತಿತು, ಪಾತ್ರೆಯೊಂದನ್ನು ಒರೆಸಿಟ್ಟ ಸದ್ದು. ಹಾಗಾದ್ರೆ ನನ್ನ ಕೈ ಸರಿಯಾಗೇ ಇತ್ತು, ಎಂದರು ಮೇಷ್ಟ್ರು, ಅವಳಿಗಲ್ಲ, ಬೆರಳಿಗೆ. ಎಡಗೈ ತಂದು ಕೀಬೋರ್ಡಿನ ಮೇಲಿಟ್ಟರು, ಬೆರಳುಗಳು ತಾವಾಗಿಯೇ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು, ಪರದೆಯಲ್ಲಿ ಅಕ್ಕ ಹೊದಿಕೆಯ ಎರಡು ತುದಿ ಹಿಡಿದು ನಿಂತಿದ್ದಾರೆ, ಇನ್ನೇನು ಕೊಡವಬೇಕು, ತೋರುಬೆರಳು ಡಿ ಕೀಯ ಮೇಲಕ್ಕೆ ಬಂತು, ನಿಂತಿತು. ಒತ್ತಿ ಮೇಷ್ಟ್ರೇ, ಎಂದಳು ಅವಳು, ಮುಂದಕ್ಕೇ ಹೋಗುತ್ತೆ, ಒತ್ತಿ ನೋಡಿ. ಗೊತ್ತಮ್ಮ, ಎಂದರು, ಈಗ ಗೊತ್ತು. ಬೆರಳು ಇಳಿಯಲಿಲ್ಲ. ಗೊತ್ತು ಎಂದ ಮೇಲೂ ಇಳಿಯಲಿಲ್ಲ, ಸ್ಕ್ಯಾನ್ ಸರಿಯಿದೆ ಎಂದ ಮೇಲೂ ಇಳಿದಿರಲಿಲ್ಲವಂತೆ, ಅವಳು ಈಗ ಮುಖ ನೋಡಬಹುದಿತ್ತು, ನೋಡಲಾಗಲಿಲ್ಲ, ಬೆರಳು, ಕೆಳಗೆ ಕೀ, ನಡುವೆ ಒಂದು ಎಳ್ಳು ಹಿಡಿಸುವಷ್ಟು ಜಾಗ, ಬೆರಳು, ಕೀ, ನಡುವೆ ಅವಳು ಬಿಟ್ಟ ಅಷ್ಟು ಜಾಗ